ಓದುವವನೊಬ್ಬ, ಅರ್ಥ ಹೇಳುವವನೊಬ್ಬ

ಶನಿವಾರ ಬೆಳಿಗ್ಗೆ ಯೆಹೂದಿಗಳ ಸಿನಗಾಗಿನಲ್ಲಿ ತೋರಾ ಎಂಬ ಧರ್ಮಗ್ರಂಥದ ಸುರುಳಿಯನ್ನು ಕಪಾಟಿನಿಂದ ಹೊರತೆಗೆದು ಮೇಜಿನ ಮೇಲೆ ಬಿಚ್ಚುತ್ತಾರೆ. ಚರ್ಮದ ಹಾಳೆ, ಅದರ ಮೇಲೆ ಕೈಬರಹ. ಅಕ್ಷರಗಳಿಗೆ ಸ್ವರದ ಗುರುತಿಲ್ಲ, ವಾಕ್ಯ ಎಲ್ಲಿ ಮುಗಿಯಿತೆಂಬ ಚುಕ್ಕಿಯಿಲ್ಲ, ರಾಗದ ಸೂಚನೆಯಂತೂ ಇಲ್ಲವೇ ಇಲ್ಲ. ಓದುವವನು ಅಷ್ಟನ್ನೂ ಮನೆಯಲ್ಲಿ ಗಟ್ಟಿಮಾಡಿಕೊಂಡು ಬಂದಿರಬೇಕು. ಬರಹಕ್ಕೆ ಬೆರಳು ತಾಗದಂತೆ, ತುದಿಯಲ್ಲಿ ಪುಟ್ಟ ಕೈಯ ಆಕಾರವಿರುವ ಬೆಳ್ಳಿ ಕಡ್ಡಿಯಿಂದ ಸಾಲು ಹಿಡಿದು ಓದುತ್ತಾನೆ. ಪಕ್ಕದಲ್ಲಿ ಅಚ್ಚಿನ ಪುಸ್ತಕ ಹಿಡಿದು ನಿಂತವರ ಕಣ್ಣು ಪುಟದ ಮೇಲೆ, ಕಿವಿ ಇವನ ಮೇಲೆ. ಅರ್ಥ ಕೆಡುವಂಥ ತಪ್ಪು ಬಂತೋ, ಎಲ್ಲರೆದುರೇ ತಡೆಯುತ್ತಾರೆ. ಅವನು ಹಿಂದಕ್ಕೆ ಹೋಗಿ, ಸರಿಯಾಗಿ ಓದಿಯೇ ಮುಂದೆ ಸಾಗಬೇಕು.

ನೋಡಿದರೆ ಗುಡಿಗಿಂತ ಪಾಠಶಾಲೆಯ ಚಹರೆಯೇ ಹೆಚ್ಚು. ಯೂರೋಪಿನಲ್ಲಿ ಯಿಡ್ಡಿಷ್ ಆಡುತ್ತಿದ್ದ ಯೆಹೂದಿಗಳು ಸಿನಗಾಗನ್ನು ‘ಶೂಲ್’ ಎಂದು ಕರೆದರು, ವೆನಿಸ್ಸಿನವರು ‘ಸ್ಕೋಲಾ’ ಎಂದರು. ಎರಡು ಮಾತಿಗೂ ಶಾಲೆಯೆಂದೇ ಅರ್ಥ. ಹೆಸರು ಸುಮ್ಮನೆ ಬಂದದ್ದಲ್ಲ. ಜೆರುಸಲೇಮಿನ ಉತ್ಖನನದಲ್ಲಿ 1913ರಲ್ಲಿ ಸಿಕ್ಕ ಗ್ರೀಕ್ ಶಾಸನವೊಂದಿದೆ. ಅಲ್ಲಿನ ಯೆಹೂದಿ ದೇವಾಲಯ ಇನ್ನೂ ನಿಂತಿದ್ದ ಕಾಲದ್ದೆಂದು ಹೆಚ್ಚಿನ ವಿದ್ವಾಂಸರ ಮತ. ಥಿಯೊಡೊಟಸ್ ಎಂಬ ಪುರೋಹಿತ ತಾನು ಸಿನಗಾಗ್ ಕಟ್ಟಿಸಿದ್ದು ಏತಕ್ಕೆಂದು ಅದರಲ್ಲಿ ಹೇಳಿಕೊಂಡಿದ್ದಾನೆ: ಧರ್ಮಶಾಸ್ತ್ರ ಓದುವುದಕ್ಕೆ, ವಿಧಿಗಳನ್ನು ಕಲಿಸುವುದಕ್ಕೆ, ಪರಸ್ಥಳದಿಂದ ಬಂದವರಿಗೆ ತಂಗಲು ಕೋಣೆ ಮತ್ತು ನೀರು ಕೊಡುವುದಕ್ಕೆ. ಪ್ರಾರ್ಥನೆಯ ಮಾತೇ ಅಲ್ಲಿಲ್ಲ. ಆರಾಧನೆ, ಬಲಿ, ಧೂಪ ಎಲ್ಲವೂ ಬೆಟ್ಟದ ಮೇಲಿನ ದೇವಾಲಯದ ಪಾಲಿನವು.

ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ ಆ ದೇವಾಲಯವನ್ನು ಸುಟ್ಟಿತು. ಬಲಿ ನಿಂತಿತು, ಪುರೋಹಿತರಿಗೆ ಕೆಲಸ ಇಲ್ಲವಾಯಿತು. ಯೋಹನನ್ ಬೆನ್ ಜಕ್ಕಾಯ್ ಮತ್ತು ಅವನ ನಂತರದ ರಬ್ಬಿಗಳೆಂಬ ಧರ್ಮಗುರುಗಳು ಯಾವ್ನೆ ಎಂಬ ಸಣ್ಣ ಊರಲ್ಲಿ ಕೂತು ಮಾಡಿದ್ದು, ಪಾಠಶಾಲೆಗೇ ದೇವಾಲಯದ ಹೊರೆ ಹೊರಿಸುವ ಕೆಲಸ. ಬಲಿಯ ಹೊತ್ತುಗಳಿಗೆ ಪ್ರಾರ್ಥನೆಯ ಹೊತ್ತುಗಳನ್ನು ಜೋಡಿಸಿದರು. ನಿಂತು ಹೇಳುವ ಹದಿನೆಂಟು ಸ್ತುತಿಗಳ ಸರಣಿ ರೂಪುಗೊಂಡಿತು. ಆಮೇಲೆ ಹತ್ತೊಂಬತ್ತಾದರೂ ಹೆಸರು ಇವತ್ತಿಗೂ ‘ಹದಿನೆಂಟು’. ಹತ್ತು ಮಂದಿ ವಯಸ್ಕ ಗಂಡಸರು ಸೇರಿದರೆ ಸಾಕು, ಸಾಮೂಹಿಕ ಪ್ರಾರ್ಥನೆ ನಡೆದೀತು. ಪುರೋಹಿತ ಬೇಡ, ಕಟ್ಟಡವೂ ಕಡ್ಡಾಯವಲ್ಲ. ಸುಮಾರು 200ರ ಹೊತ್ತಿಗೆ ಸಿದ್ಧವಾದ ಮಿಷ್ನಾ ಎಂಬ ವಿಧಿಗಳ ಮಹಾಸಂಗ್ರಹ ತೆರೆದುಕೊಳ್ಳುವುದೇ ಸಂಜೆಯ ‘ಶೆಮಾ’ ಪಠಣವನ್ನು ಎಷ್ಟು ಹೊತ್ತಿನಿಂದ ಹೇಳಬಹುದು ಎಂಬ ಪ್ರಶ್ನೆಯಿಂದ. ದೇವರು ಇದ್ದಾನೆಯೇ ಎಂದಲ್ಲ, ಹೊತ್ತು ಎಷ್ಟಾಯಿತು ಎಂದು! ಆದರೆ ಅದೇ ಸಂಗ್ರಹದಲ್ಲಿ, ಪ್ರಾರ್ಥನೆಯನ್ನು ಕಟ್ಟುಕಟ್ಟಳೆ ಮಾಡಿಕೊಂಡವನ ಪ್ರಾರ್ಥನೆ ಬೇಡಿಕೆಯೇ ಅಲ್ಲ ಎಂದು ಎಚ್ಚರಿಸುವ ರಬ್ಬಿಯೂ ಇದ್ದಾನೆ. ಕಟ್ಟಳೆ ಮತ್ತು ಭಾವದ ಈ ಜಗಳವನ್ನು ಯೆಹೂದಿ ಆರಾಧನೆಯ ಚರಿತ್ರೆಕಾರರೆಲ್ಲ ಬರೆಯುತ್ತಾರೆ. ನನಗೆ ಅದಕ್ಕಿಂತ ಕುತೂಹಲದ್ದೆನಿಸುವುದು ಇನ್ನೊಂದು ಜಗಳ: ದೇವರ ಮನೆಯಲ್ಲಿ ಯಾವ ಭಾಷೆ?

ಆ ಹೊತ್ತಿಗೆ ಹೀಬ್ರೂ ಜನರ ಬಾಯಿಂದ ಜಾರುತ್ತಿತ್ತು; ಆಡುಮಾತು ಅರಮಾಯಿಕ್. ಸಿನಗಾಗ್ ಇದಕ್ಕೆ ಕಂಡುಕೊಂಡ ದಾರಿ ‘ಮೆತುರ್ಗೆಮಾನ್’, ಅಂದರೆ ಅರ್ಥ ಹೇಳುವವನು. ನಮ್ಮ ಗಮಕ ಕಾರ್ಯಕ್ರಮದಲ್ಲಿ ವಾಚಿಸುವವರ ಪಕ್ಕದಲ್ಲಿ ವ್ಯಾಖ್ಯಾನಿಸುವವರು ಕೂರುವುದನ್ನು ಕಂಡವರಿಗೆ ಇದು ಅಪರಿಚಿತವೆನಿಸದು. ಆದರೆ ಇಲ್ಲಿ ನಿಯಮಗಳು ಬಿಗಿ. ತೋರಾವಾದರೆ ಒಂದೊಂದೇ ವಾಕ್ಯ ಓದಿ ನಿಲ್ಲಿಸಬೇಕು, ಪ್ರವಾದಿಗಳ ಗ್ರಂಥವಾದರೆ ಮೂರರ ತನಕ ಹೋಗಬಹುದು. ಅರ್ಥ ಹೇಳುವವನು ಪುಸ್ತಕ ನೋಡಕೂಡದು. ನೋಡಿದರೆ ಕೇಳಿದವರು ಅನುವಾದವನ್ನೇ ಮೂಲವೆಂದುಕೊಂಡಾರು. ಅವನ ದನಿ ಓದುವವನ ದನಿಗಿಂತ ಮೇಲೇರಕೂಡದು. ಮೂಲಕ್ಕೆ ಗೌರವ, ಕೇಳುವವನಿಗೆ ಅರ್ಥ: ಎರಡನ್ನೂ ಉಳಿಸಿಕೊಳ್ಳಲು ಇದಕ್ಕಿಂತ ಜಾಣ ಏರ್ಪಾಡನ್ನು ನಾನು ಬೇರೆಲ್ಲೂ ಕಂಡಿಲ್ಲ. ಅರಮಾಯಿಕ್ ಆಡುವವರು ಇಲ್ಲವಾದ ಮೇಲೆ ಹೆಚ್ಚಿನ ಕಡೆ ಈ ಪದ್ಧತಿ ಬಿಟ್ಟುಹೋಯಿತು. ಯೆಮೆನ್ ಮೂಲದವರು ಮಾತ್ರ ಇಂದಿಗೂ ನಡೆಸಿಕೊಂಡು ಬಂದಿದ್ದಾರೆ, ಈಗ ಆ ಅರಮಾಯಿಕ್ಕಿಗೇ ಅರ್ಥ ಹೇಳಬೇಕಾಗಿದ್ದರೂ.

ಭಾಷೆಯ ಈ ಜಗಳಕ್ಕೆ ಒಮ್ಮೆ ಚಕ್ರವರ್ತಿಯೇ ಕೈಹಾಕಿದ. 553ರಲ್ಲಿ ಬೈಜಾಂಟಿಯಮ್ಮಿನ ಜಸ್ಟಿನಿಯನ್ ಹೊರಡಿಸಿದ ಆಜ್ಞೆಯಂತೆ ಸಿನಗಾಗುಗಳಲ್ಲಿ ಗ್ರೀಕಿನಲ್ಲೋ ಇನ್ನಾವುದೋ ಆಡುಭಾಷೆಯಲ್ಲೋ ಧರ್ಮಗ್ರಂಥ ಓದಬಹುದು, ಯಾರೂ ತಡೆಯುವಂತಿಲ್ಲ. ಉದಾರವೆಂದುಕೊಳ್ಳುವಷ್ಟರಲ್ಲಿ ಎರಡನೆಯ ಅರ್ಧ ಬರುತ್ತದೆ: ರಬ್ಬಿಗಳ ಮೌಖಿಕ ವ್ಯಾಖ್ಯಾನ ನಿಷಿದ್ಧ. ಗ್ರಂಥ ಇರಲಿ, ಗುರು ಬೇಡ ಎಂಬ ಲೆಕ್ಕಾಚಾರ. ರಬ್ಬಿಗಳನ್ನು ದೂರವಿಟ್ಟರೆ ಯೆಹೂದಿಗಳು ಕ್ರೈಸ್ತರ ಅರ್ಥಕ್ಕೆ ಒಲಿದಾರೆಂದು ಅವನ ನಿರೀಕ್ಷೆ.

ಮುಂದಿನ ಕೆಲವು ಶತಮಾನಗಳನ್ನು ಬೇಗ ದಾಟಬಹುದು. ಪ್ಯಾಲೆಸ್ಟೈನಿನ ಯನ್ನಾಯ್, ಕಲಿರ್ ಮುಂತಾದ ಕವಿಗಳು ಪ್ರಾರ್ಥನೆಯ ನಡುನಡುವೆ ಸೇರಿಸಲು ‘ಪಿಯ್ಯೂಟ್’ ಎಂಬ ಪದ್ಯಗಳನ್ನು ಕಟ್ಟಿದರು. ತೋರಾವನ್ನು ಸುಮಾರು ಮೂರು ವರ್ಷಕ್ಕೊಮ್ಮೆ ಮುಗಿಸುವ ಪ್ಯಾಲೆಸ್ಟೈನಿನವರ ಪದ್ಧತಿ ಹಿಂದೆ ಸರಿದು, ಐವತ್ತನಾಲ್ಕು ಭಾಗ ಮಾಡಿ ವರ್ಷಕ್ಕೊಮ್ಮೆ ಮುಗಿಸುವ ಬ್ಯಾಬಿಲೋನಿಯದ ಪದ್ಧತಿ ಗೆದ್ದಿತು. ಒಂಬತ್ತನೆಯ ಶತಮಾನದಲ್ಲಿ ಸ್ಪೇನಿನವರು ಕೇಳಿದ್ದಕ್ಕೆ ಬ್ಯಾಬಿಲೋನಿಯದ ಅಮ್ರಾಮ್ ಗಾಓನ್ ವರ್ಷಪೂರ್ತಿಯ ಪ್ರಾರ್ಥನಾಕ್ರಮವನ್ನು ಬರೆದು ಕಳಿಸಿದ. ನಮಗೆ ತಿಳಿದ ಮೊದಲ ‘ಸಿದ್ದೂರ್’, ಅಂದರೆ ಪ್ರಾರ್ಥನಾ ಪುಸ್ತಕ, ಹುಟ್ಟಿದ್ದು ಒಂದು ಪತ್ರೋತ್ತರವಾಗಿ. ಮುಂದಿನ ಶತಮಾನದ ಸಅದಿಯಾ ಗಾಓನ್ ತನ್ನ ಸಿದ್ದೂರಿನಲ್ಲಿ ಪ್ರಾರ್ಥನೆಯನ್ನು ಹೀಬ್ರೂವಿನಲ್ಲಿಟ್ಟು ಸೂಚನೆಗಳನ್ನು ಅರಬ್ಬಿಯಲ್ಲಿ ಬರೆದ. ಅರ್ಥ ಹೇಳುವವನು ಪುಟದ ಅಂಚಿಗೆ ಬಂದು ಕೂತಿದ್ದ.

ಇಲ್ಲಿ ಮಂಗಳೂರಿನ ಮಾತು ಬರುತ್ತದೆ. ದೇವರ ಹೆಸರಿರುವ ಕಾಗದವನ್ನು ಸುಡಬಾರದು, ಹರಿಯಬಾರದು ಎಂಬುದು ಸಿನಗಾಗಿನ ನಿಯಮ. ಹೀಬ್ರೂ ಲಿಪಿಯ ಯಾವ ಚೀಟಿಯನ್ನೂ ಎಸೆಯಲು ಜನ ಹಿಂಜರಿಯುತ್ತಿದ್ದರು. ಕೈರೋದ ಬೆನ್ ಎಜ್ರಾ ಸಿನಗಾಗಿನಲ್ಲಿ ಇಂಥ ಕಾಗದ ತುಂಬಿಡುವ ‘ಗೆನೀಜಾ’ ಎಂಬ ಕೋಣೆಯಿತ್ತು. 1896–97ರಲ್ಲಿ ವಿದ್ವಾಂಸ ಸೊಲೊಮನ್ ಶೆಕ್ಟರ್ ಅಲ್ಲಿಂದ ಕೇಂಬ್ರಿಜ್‌ಗೆ ಸಾಗಿಸಿದ್ದು ಸುಮಾರು 1,93,000 ತುಣುಕುಗಳು. ಹಳೆಯ ಪ್ರಾರ್ಥನೆಗಳ ಪಾಠಾಂತರ, ಮರೆತುಹೋದ ಪಿಯ್ಯೂಟ್‌ಗಳ ಜೊತೆಗೆ ಮದುವೆ ಕರಾರು, ಅಂಗಡಿ ಲೆಕ್ಕ, ಜಗಳದ ಪತ್ರಗಳೂ ಇದ್ದವು. ಗೆನೀಜಾದ ಈ ರಾಶಿಯಲ್ಲೇ, 1132ರಿಂದ 1149ರ ತನಕ ಮಂಗಳೂರಿನಲ್ಲಿ ನೆಲೆಸಿದ್ದ ಟ್ಯುನೀಸಿಯಾ ಮೂಲದ ಅಬ್ರಹಾಂ ಬೆನ್ ಯಿಜುವಿನ ಕಾಗದಗಳೂ ಉಳಿದವು. ಅವನು ಇಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ, ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ, ‘ಬೊಮ್ಮ’ನೆಂಬ ಸೇವಕನನ್ನು ವ್ಯಾಪಾರಕ್ಕೆ ಏಡನ್‌ಗೆ ಕಳಿಸಿದ. ಅಮಿತಾವ್ ಘೋಷ್ 1992ರ ತಮ್ಮ ಪುಸ್ತಕದಲ್ಲಿ ಆ ಬೊಮ್ಮನ ಬೆನ್ನು ಹತ್ತಿ ತುಳುನಾಡಿಗೆ ಬಂದದ್ದು ಓದುಗರಿಗೆ ನೆನಪಿರಬಹುದು. ಹನ್ನೆರಡನೆಯ ಶತಮಾನದ ಮಂಗಳೂರಿನ ಒಬ್ಬ ಸೇವಕನ ಹೆಸರು ಉಳಿದದ್ದು ಎಲ್ಲೋ ಕೈರೋದಲ್ಲಿ ಅಕ್ಷರಕ್ಕೆ ಅಂಜುವ ಜನರಿದ್ದುದರಿಂದ.

ಹದಿನಾರನೆಯ ಶತಮಾನದಲ್ಲಿ ಗಲಿಲಾಯದ ಸಫೇದ್ ಊರು ಆರಾಧನೆಗೆ ಹೊಸ ಉಸಿರು ಕೊಟ್ಟಿತು. ಸ್ಪೇನಿನಿಂದ 1492ರಲ್ಲಿ ಹೊರದೂಡಲ್ಪಟ್ಟವರ ಸಂತತಿ, ಕಬ್ಬಾಲಾ ಎಂಬ ಅನುಭಾವದ ಮಾರ್ಗ, ಐಸಾಕ್ ಲೂರಿಯಾನಂಥ ಗುರು. ಶುಕ್ರವಾರ ಮುಸ್ಸಂಜೆ ಅವರು ಊರಾಚೆ ಹೊಲಕ್ಕೆ ಹೋಗಿ ಸಬ್ಬತ್ತನ್ನು, ಅಂದರೆ ವಾರದ ವಿಶ್ರಾಂತಿಯ ದಿನವನ್ನು, ಮದುಮಗಳೆಂದು ಎದುರುಗೊಳ್ಳುತ್ತಿದ್ದರು. ಅದಕ್ಕೆಂದು ಸೊಲೊಮನ್ ಅಲ್ಕಬೆಟ್ಜ್ ಕಟ್ಟಿದ ‘ಲೆಖಾ ದೋದಿ’ ಹಾಡು ಈಗ ಲೋಕದೆಲ್ಲೆಡೆಯ ಸಿನಗಾಗುಗಳಲ್ಲಿ ಕೇಳುತ್ತದೆ. ಕೊನೆಯ ನುಡಿಗೆ ಎಲ್ಲರೂ ಬಾಗಿಲತ್ತ ತಿರುಗಿ ತಲೆಬಾಗುತ್ತಾರೆ. ಹೊಲವಿಲ್ಲ, ಬಾಗಿಲಿದೆ.

ಮುದ್ರಣ ಬಂದದ್ದು ಹೆಂಗಸರ ಕಡೆಗೂ ಒಂದು ಕಿಟಕಿ ತೆರೆಯಿತು. ಹೀಬ್ರೂ ಕಲಿಯದ ಅವರಿಗೆಂದು ‘ತ್ಖಿನೆ’ ಎಂಬ ಯಿಡ್ಡಿಷ್ ಪ್ರಾರ್ಥನೆಗಳು ಅಚ್ಚಾದವು. ದೀಪ ಹಚ್ಚುವಾಗ, ಬಸುರಿದ್ದಾಗ, ಸಮಾಧಿಯ ಮುಂದೆ ಹೇಳಿಕೊಳ್ಳುವಂಥವು. ಪರದೆಯಾಚೆ ಹೆಂಗಸರ ಅಂಕಣದಲ್ಲಿ ಓದು ಬಲ್ಲ ಒಬ್ಬಾಕೆ ಉಳಿದವರಿಗೆ ಹೇಳಿಕೊಡುತ್ತಿದ್ದಳು. ಮೆತುರ್ಗೆಮಾನ್ ಸೀರೆಯುಟ್ಟು ಬಂದ ಹಾಗೆ ಎನ್ನಬಹುದಿತ್ತು, ಪೋಲೆಂಡಿನಲ್ಲಿ ಸೀರೆಯಿದ್ದಿದ್ದರೆ.

ಹದಿನೆಂಟನೆಯ ಶತಮಾನದಲ್ಲಿ ಬಾಲ್ ಶೆಮ್ ತೋವ್ (ಮರಣ 1760) ಶುರುಮಾಡಿದ ಹಸೀದಿ ಪಂಥ ಪಾಠದ ಜಾಗವನ್ನೇ ಬದಲಿಸಿತು. ಗುರುವಿನ ಊಟದ ಮೇಜೇ ಪೀಠ. ಸಬ್ಬತ್ತಿನ ಕತ್ತಲು ಕವಿಯುವ ಹೊತ್ತಿಗೆ ಗುರು ಯಿಡ್ಡಿಷಿನಲ್ಲಿ ಮಾತಾಡುತ್ತಿದ್ದ. ಸಬ್ಬತ್ತಿನಂದು ಬರೆಯುವಂತಿಲ್ಲವಾಗಿ ಶಿಷ್ಯರು ನೆನಪಿಟ್ಟುಕೊಂಡು, ಆಮೇಲೆ ಹೀಬ್ರೂವಿಗೆ ಇಳಿಸುತ್ತಿದ್ದರು. ಅನುವಾದ ಇಲ್ಲಿ ತಿರುಗುಮುರುಗು. ಪದವಿಲ್ಲದ ‘ನಿಗ್ಗುನ್’ ರಾಗಗಳನ್ನು ಹಾಡಿದರು, ಕುಣಿದರು, ಪ್ರಾರ್ಥನೆಯ ಹೊತ್ತು ಮೀರಿದರೂ ಭಾವಕ್ಕೆ ಕಾದರು. 1772ರಲ್ಲಿ ವಿಲ್ನಾದ ಪಂಡಿತವರ್ಗ ಬಹಿಷ್ಕಾರ ಹಾಕಿತು. ಆರೋಪಗಳಲ್ಲಿ ಒಂದು: ಇವರು ಲೂರಿಯಾನ ಪ್ರಾರ್ಥನಾಪಾಠ ಹಿಡಿದು ಬೇರೆ ಮನೆ ಮಾಡಿಕೊಂಡಿದ್ದಾರೆ.

ಜರ್ಮನಿಯಲ್ಲಿ ಜಗಳ ಮತ್ತೆ ಭಾಷೆಗೇ ಬಂತು. 1810ರಲ್ಲಿ ಸೀಸೆನ್ ಪಟ್ಟಣದಲ್ಲಿ ಇಸ್ರೇಲ್ ಯಾಕೋಬ್ಸನ್ ಆರ್ಗನ್ ವಾದ್ಯ, ಜರ್ಮನ್ ಹಾಡು, ಜರ್ಮನ್ ಪ್ರವಚನ ತಂದ. 1818ರಲ್ಲಿ ಹ್ಯಾಂಬರ್ಗಿನ ಸುಧಾರಕರು ತಮ್ಮದೇ ಮಂದಿರ ತೆರೆದರು. ಸಂಪ್ರದಾಯಸ್ಥರು ಸಿಟ್ಟಾದರು, ಅದು ನಿರೀಕ್ಷಿತ. ತಮಾಷೆಯೆಂದರೆ 1823ರಲ್ಲಿ ಪ್ರಷ್ಯಾದ ದೊರೆಯೂ ಹೊಸ ಪದ್ಧತಿ ಕೂಡದೆಂದು ಜರ್ಮನ್ ಪ್ರವಚನವನ್ನು ನಿಷೇಧಿಸಿದ. ಒಬ್ಬ ಅರಸ ಆಡುಭಾಷೆಯಲ್ಲಿ ಓದಿರೆಂದ, ಇನ್ನೊಬ್ಬ ಆಡುಭಾಷೆ ಬೇಡವೆಂದ. ಇಬ್ಬರಿಗೂ ಬೇಕಾದದ್ದು ಯೆಹೂದಿಗಳ ಗುರುವಿನ ಬಾಯಿ ಕಟ್ಟುವುದು. 1832ರಲ್ಲಿ ಲಿಯೊಪೋಲ್ಡ್ ಝುಂಝ್ ಉತ್ತರವಾಗಿ ಒಂದು ದಪ್ಪ ಪುಸ್ತಕವನ್ನೇ ಬರೆದ: ಜನರ ಮಾತಿನಲ್ಲಿ ಪ್ರವಚನ ಮಾಡುವುದು ಹೊಸತಲ್ಲ, ಸಿನಗಾಗಿನಷ್ಟೇ ಹಳೆಯದು. ಆರಾಧನೆಯ ಚರಿತ್ರೆ ಒಂದು ಶಾಸ್ತ್ರವಾಗಿ ಬೆಳೆದದ್ದೇ ಈ ತಕರಾರಿನಿಂದ. 1845ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ನಡೆದ ರಬ್ಬಿಗಳ ಸಭೆಯಲ್ಲಿ ಪ್ರಾರ್ಥನೆಗೆ ಹೀಬ್ರೂ ಅನಿವಾರ್ಯವಲ್ಲವೆಂದು ಬಹುಮತ ಬಂದಾಗ ಜಕಾರಿಯಾಸ್ ಫ್ರಾಂಕೆಲ್ ಎದ್ದು ಹೊರನಡೆದ. ನಡುಮಾರ್ಗದ ಕನ್ಸರ್ವೇಟಿವ್ ಪಂಥ ತನ್ನ ಮೂಲವನ್ನು ಅವನಲ್ಲಿ ಕಾಣುತ್ತದೆ. ಅಷ್ಟರಲ್ಲಿ ಹ್ಯಾಂಬರ್ಗಿನ ಸಂಪ್ರದಾಯಸ್ಥ ಗುರು ಐಸಾಕ್ ಬರ್ನೈಸ್ ಕೂಡ ಜರ್ಮನ್ನಿನಲ್ಲೇ ಪ್ರವಚನ ಮಾಡುತ್ತಿದ್ದ!

ಇದೇ ಕಾಲದ ಕೊಂಕಣ ತೀರದ ಕಥೆಯೊಂದು ಯೆಹೂದಿ ಆರಾಧನೆಯ ಸಮೀಕ್ಷೆಗಳಲ್ಲಿ ಸಾಮಾನ್ಯವಾಗಿ ಅಡಿಟಿಪ್ಪಣಿಗೆ ಬೀಳುತ್ತದೆ. ಎಣ್ಣೆ ತೆಗೆಯುವ ಕಸುಬಿನ, ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ‘ಶನಿವಾರ ತೇಲಿ’ಗಳೆನಿಸಿಕೊಂಡ ಬೆನೆ ಇಸ್ರೇಲ್ ಯೆಹೂದಿಗಳಿಗೆ ಶೆಮಾ ಬಿಟ್ಟರೆ ಹೆಚ್ಚಿನ ಹೀಬ್ರೂ ಉಳಿದಿರಲಿಲ್ಲ. ಅವರ ಮೊದಲ ಸಿನಗಾಗನ್ನು 1796ರಲ್ಲಿ ಮುಂಬಯಿಯಲ್ಲಿ ಕಟ್ಟಿಸಿದವನು ಕಂಪನಿ ಸೈನ್ಯದ ಸ್ಯಾಮ್ಯುಯೆಲ್ ದಿವೇಕರ್. ಮೈಸೂರು ಯುದ್ಧದಲ್ಲಿ ಅವನು ಟಿಪ್ಪುವಿನ ಸೆರೆಸಿಕ್ಕಿದ್ದ. ಕುಲ ಕೇಳಿದಾಗ ಬೆನೆ ಇಸ್ರೇಲ್ ಎಂದದ್ದರಿಂದ ಟಿಪ್ಪುವಿನ ತಾಯಿ, ಇವರ ಮಾತು ಕುರಾನಿನಲ್ಲಿದೆಯೆಂದು ಬಿಡಿಸಿದಳು, ಆಗ ಹೊತ್ತ ಹರಕೆಯೇ ಈ ಕಟ್ಟಡ ಎಂಬುದು ಸಮುದಾಯದ ಐತಿಹ್ಯ. ಕೊಚ್ಚಿಯ ಯೆಹೂದಿಗಳು ಉತ್ತರಕ್ಕೆ ಬಂದು ಪಾಠ ಹೇಳಿದರು. 1846ರಲ್ಲಿ ಪಾಸ್ಕ ಹಬ್ಬದಲ್ಲಿ ಓದುವ ಹಗ್ಗದಾ ಮರಾಠಿ ಅನುವಾದದೊಂದಿಗೆ ಮುಂಬಯಿಯಲ್ಲಿ ಅಚ್ಚಾಯಿತು. ಆ ಶತಮಾನದ ಕೊನೆಗೆ ಮೋಶೆ, ಯೋಸೇಫರ ಕಥೆಗಳು ಮರಾಠಿ ಕೀರ್ತನೆಗಳಾದವು. ಹರಿಕಥೆಯ ಧಾಟಿಯಲ್ಲೇ ಹಾಡು, ನಡುವೆ ಕಥೆ. ಹರಕೆ ತೀರಿದಾಗ ಅವಲಕ್ಕಿ, ಸಕ್ಕರೆ, ಕಾಯಿತುರಿ ಕಲೆಸಿ ತಟ್ಟೆಯಲ್ಲಿಟ್ಟು ಎಲಿಯಾ ಪ್ರವಾದಿಯನ್ನು ನೆನೆಯುವುದಕ್ಕೆ ‘ಮಲೀದಾ’ ಎನ್ನುತ್ತಾರೆ.

ಇಪ್ಪತ್ತನೆಯ ಶತಮಾನದ ಗಾಯ ಎಲ್ಲರಿಗೂ ಗೊತ್ತು. 1938ರ ನವೆಂಬರ್ 9–10ರ ರಾತ್ರಿ ಜರ್ಮನಿ, ಆಸ್ಟ್ರಿಯಾಗಳಲ್ಲಿ ಸಾವಿರಕ್ಕೂ ಹೆಚ್ಚು ಸಿನಗಾಗುಗಳು ಸುಟ್ಟವು ಅಥವಾ ಹಾಳಾದವು. ಆಮೇಲೆ ನಾಜಿಗಳು ಅಲ್ಲಿ ಪ್ರಾರ್ಥಿಸುತ್ತಿದ್ದವರನ್ನೇ ಕೊಂದರು. ಬರ್ಲಿನ್ನಿನ ರೆಗಿನಾ ಯೋನಾಸ್ 1935ರಲ್ಲಿ ದೀಕ್ಷೆ ಪಡೆದ ಮೊದಲ ಮಹಿಳಾ ರಬ್ಬಿ, 1944ರಲ್ಲಿ ಆಶ್ವಿಟ್ಸಿನಲ್ಲಿ ಕೊನೆಯುಸಿರೆಳೆದಳು. ಆಕೆಯ ಕಾಗದಪತ್ರಗಳು ಬರ್ಲಿನ್ ಗೋಡೆ ಉರುಳಿದ ಮೇಲಷ್ಟೇ ಬೆಳಕಿಗೆ ಬಂದವು. ಅಮೆರಿಕದಲ್ಲಿ ಸ್ಯಾಲಿ ಪ್ರೀಸಂಡ್ ರಬ್ಬಿಯಾದದ್ದು 1972ರಲ್ಲಿ. ಅದಕ್ಕೂ ಅರ್ಧ ಶತಮಾನ ಮುಂಚೆ, 1922ರ ಮಾರ್ಚ್ 18ರಂದು, ನ್ಯೂಯಾರ್ಕಿನಲ್ಲಿ ರಬ್ಬಿ ಮೊರ್ಡೆಕಾಯ್ ಕಪ್ಲಾನ್ ತನ್ನ ಹನ್ನೆರಡರ ಮಗಳು ಜೂಡಿತ್‌ಳನ್ನು ಸಿನಗಾಗಿನಲ್ಲಿ ತೋರಾ ಓದಲು ಕರೆದಿದ್ದ. ಅವಳು ಸುರುಳಿಯಿಂದ ದೂರ ನಿಂತು, ಕೈಯಲ್ಲಿದ್ದ ಅಚ್ಚಿನ ಪುಸ್ತಕದಿಂದ ಓದಿದಳು. ಆ ಕೆಲವು ಹೆಜ್ಜೆಗಳನ್ನು ದಾಟಲು ಹೆಣ್ಣುಮಕ್ಕಳಿಗೆ ಇನ್ನೂ ದಶಕಗಳು ಬೇಕಾದವು. ಸಂಪ್ರದಾಯಸ್ಥರಲ್ಲಿ ಹೆಚ್ಚಿನವರು ಇಂದಿಗೂ ಒಪ್ಪಿಲ್ಲ.

ಪಾಠದ ಕಡೆ ನೋಡಿದರೆ, 1923ರಲ್ಲಿ ಮೆಯಿರ್ ಶಪಿರೋ ಶುರುಮಾಡಿದ ‘ದಾಫ್ ಯೋಮಿ’ಯೇ ಶತಮಾನದ ದೊಡ್ಡ ಗೆಲುವು: ದಿನಕ್ಕೆ ತಾಲ್ಮುದ್ ಎಂಬ ಶಾಸ್ತ್ರಗ್ರಂಥದ ಒಂದು ಹಾಳೆ, 2,711 ಹಾಳೆಗಳಿಗೆ ಏಳೂವರೆ ವರ್ಷ, ಎಲ್ಲ ಊರಿನಲ್ಲೂ ಅದೇ ದಿನ ಅದೇ ಹಾಳೆ. ಇನ್ನೊಂದು ತುದಿಯಲ್ಲಿ 1968ರಲ್ಲಿ ಮ್ಯಾಸಚೂಸೆಟ್ಸಿನಲ್ಲಿ ಹುಟ್ಟಿದ ‘ಹವುರಾ’ ಕೂಟದಂಥ ಗುಂಪುಗಳು ಸಾಲುಬೆಂಚು ಬಿಟ್ಟು ದುಂಡಗೆ ಕೂತು, ಪ್ರವಚನದ ಬದಲು ಚರ್ಚೆ ನಡೆಸಿದವು. ಶ್ಲೋಮೋ ಕಾರ್ಲೆಬಾಕ್ ಕಟ್ಟಿದ ರಾಗಗಳು ಪಂಥದ ಗಡಿಯನ್ನೇ ಕೇಳದೆ ಎಲ್ಲರ ಬಾಯಲ್ಲಿ ಕೂತವು.

ಕೊಚ್ಚಿಯ 1568ರ ಪರದೇಸಿ ಸಿನಗಾಗಿನಲ್ಲಿ ಈಗ ಹೊರಗಿನಿಂದ ಬಂದವರನ್ನು ಸೇರಿಸಿಕೊಂಡರಷ್ಟೇ ಹತ್ತು ಮಂದಿ ಆದಾರು. ಕೇರಳದ ಸಿನಗಾಗುಗಳಿಗೆ ಬೇರೆಡೆ ಕಾಣದ ಒಂದು ವಿಶೇಷವಿದೆ: ಓದುಪೀಠ ಎರಡು, ಕೆಳಗೆ ನಡುಮನೆಯಲ್ಲೊಂದು, ಮೇಲೆ ಹೆಂಗಸರು ಕೂರುವ ಜಾಗದ ಮುಂದಿನ ಮಾಳಿಗೆಯಲ್ಲಿ ಇನ್ನೊಂದು. ಆ ಹೆಂಗಸರು ಮದುವೆ, ಹಬ್ಬಗಳಲ್ಲಿ ಬೈಬಲ್ ಕಥೆಗಳನ್ನು ಮಲಯಾಳದಲ್ಲಿ ಹಾಡುತ್ತಿದ್ದರು, ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟುಕೊಂಡಿದ್ದರು. 1950ರ ದಶಕದಲ್ಲಿ ಬಹುಪಾಲು ಜನ ಇಸ್ರೇಲಿಗೆ ಹೊರಟಾಗ ನೋಟ್‌ಬುಕ್ಕುಗಳೂ ಗಂಟಿನಲ್ಲಿ ಹೋದವು. ಅಲ್ಲಿ ಮೊಮ್ಮಕ್ಕಳಿಗೆ ಪ್ರಾರ್ಥನೆಯ ಹೀಬ್ರೂವೇ ಮನೆಮಾತಾಯಿತು, ಅಜ್ಜಿಯ ಮಲಯಾಳ ತಿಳಿಯದಾಯಿತು. 2005ರಲ್ಲಿ ಜೆರುಸಲೇಮಿನ ಬೆನ್-ಜ್ವಿ ಸಂಸ್ಥೆ ಆ ಹಾಡುಗಳನ್ನು ‘ಕಾರ್‌ಕುಳಲಿ’ ಎಂಬ ಹೆಸರಿನಲ್ಲಿ ಪುಸ್ತಕ ಮಾಡಿತು. ಮೂಲ ಮಲಯಾಳ, ಜೊತೆಗೆ ಅರ್ಥ ತಿಳಿಯಲೆಂದು ಹೀಬ್ರೂ ಅನುವಾದ.