ಬೀಳುವ ಕಲ್ಲಿಗೆ ಏರುವ ಗೆರೆ

ಕಾಲ–ವೇಗದ ನಕ್ಷೆಯನ್ನು ಪ್ರೌಢಶಾಲೆಯಲ್ಲಿ ಬರೆಯದವರು ವಿರಳ. ಅಡ್ಡಗೆರೆಯಲ್ಲಿ ಕಾಲ, ಲಂಬಗೆರೆಯಲ್ಲಿ ವೇಗ. ಎತ್ತರದಿಂದ ಬಿಟ್ಟ ಕಲ್ಲಿಗೆ ಮೂಲೆಯಿಂದ ಓರೆಯಾಗಿ ಏರುವ ಒಂದು ಗೆರೆ. ಕೆಳಗೆ ಬೀಳುವ ವಸ್ತುವಿಗೆ ಮೇಲೇರುವ ಗೆರೆ ಏಕೆಂದು ಚಿತ್ರೀಕರಣಕ್ಕೆ ಬಂದ ಮಕ್ಕಳು ಕೇಳುವುದುಂಟು. ಪ್ರಶ್ನೆ ಸಣ್ಣದಲ್ಲ. ನಕ್ಷೆಯ ಗೆರೆ ಕಲ್ಲಿನ ದಾರಿಯಲ್ಲ, ಅಡಿಗೆರೆ ನೆಲವೂ ಅಲ್ಲ. ಬೀಳುವ ಕಲ್ಲನ್ನು ಈ ನಕ್ಷೆಗೆ ತರಲು ಯೂರೋಪಿನ ಪಂಡಿತರಿಗೆ ಸುಮಾರು ಮುನ್ನೂರು ವರ್ಷ ಹಿಡಿಯಿತು.

ನಕ್ಷೆ ಮೊದಲು ಹುಟ್ಟಿತು. 14ನೇ ಶತಮಾನದಲ್ಲಿ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನ ವಿದ್ವಾಂಸರು ಒಂದು ನಿಯಮ ಕಂಡುಕೊಂಡರು: ನಿಶ್ಚಲ ಸ್ಥಿತಿಯಿಂದ ಒಂದೇ ಸಮನೆ ವೇಗ ಹೆಚ್ಚಿಸಿಕೊಳ್ಳುವ ವಸ್ತು, ಕೊನೆಯ ವೇಗದ ಅರ್ಧದಷ್ಟು ವೇಗದಲ್ಲಿ ಉದ್ದಕ್ಕೂ ಸಾಗಿದ ವಸ್ತುವಿನಷ್ಟೇ ದೂರ ಕ್ರಮಿಸುತ್ತದೆ. ಫ್ರಾನ್ಸಿನ ನಿಕೋಲ್ ಓರೆಮ್ ಇದಕ್ಕೆ ಚಿತ್ರ ಕೊಟ್ಟ. ಕಾಲದ ಗೆರೆಯ ಮೇಲೆ ಕ್ಷಣಕ್ಷಣದ ವೇಗವನ್ನು ಕಡ್ಡಿಗಳಂತೆ ನಿಲ್ಲಿಸಿದರೆ ತ್ರಿಕೋನವಾಗುತ್ತದೆ. ಅದರ ವಿಸ್ತೀರ್ಣವೇ ದೂರ. ಆದರೆ ಇದು ಶುದ್ಧ ಜ್ಯಾಮಿತಿ. ಉಷ್ಣತೆ, ಬಿಳುಪುಗಳನ್ನೂ ಆತ ಹೀಗೆಯೇ ಚಿತ್ರಿಸಿದ. ಕಲ್ಲನ್ನು ಬೀಳಿಸಿ ಅಳೆಯುವ ಮಾತೇ ಅಲ್ಲಿರಲಿಲ್ಲ.

ಗೆಲಿಲಿಯೋ ಕೂಡ ಮೊದಲು ಎಡವಿದ. 1604ರಲ್ಲಿ ಪಾವೊಲೊ ಸಾರ್ಪಿಗೆ ಬರೆದ ಪತ್ರದಲ್ಲಿ, ವೇಗವು ಬಿದ್ದ ದೂರಕ್ಕೆ ತಕ್ಕಂತೆ ಹೆಚ್ಚುತ್ತದೆ ಎಂದ. ಕೇಳಲು ಸಹಜವಾಗಿಯೇ ಇದೆ. ಆದರೆ ಯೋಚಿಸಿ: ದೂರ ಸೊನ್ನೆಯಾದಾಗ ವೇಗವೂ ಸೊನ್ನೆ, ವೇಗವಿಲ್ಲದೆ ದೂರ ಬೆಳೆಯದು. ಹಾಗಾದರೆ ಕೈಬಿಟ್ಟ ಕಲ್ಲು ಗಾಳಿಯಲ್ಲೇ ನಿಂತಿರಬೇಕು! ಕಾಲವಾದರೋ ಯಾರಿಗೂ ಕಾಯದೆ ಸಾಗುತ್ತದೆ. ಅಡಿಗೆರೆಯ ಮೇಲೆ ಇರಬೇಕಾದದ್ದು ಅದೇ.

1638ರಲ್ಲಿ ಲೈಡನ್‌ನಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಹಳೆಯ ತ್ರಿಕೋನ ಮತ್ತೆ ಬಂತು, ಈ ಬಾರಿ ಪ್ರಯೋಗದ ಜೊತೆಗೆ. ನೇರ ಬೀಳುವಿಕೆ ಕಣ್ಣಿಗೆ ಸಿಗದಷ್ಟು ಚುರುಕು. ಅದಕ್ಕಾಗಿ ಸುಮಾರು 12 ಮೊಳದ ಓರೆ ಹಲಗೆಯ ಗಾಡಿಯಲ್ಲಿ ಕಂಚಿನ ಗುಂಡು ಉರುಳಿಸಿ, ಸಣ್ಣ ಕೊಳವೆಯಿಂದ ಸುರಿದ ನೀರನ್ನು ತೂಗಿ ಕಾಲವನ್ನು ಅಳೆದ. (ಸೆಕೆಂಡಿಗೆ 25 ಚೌಕಟ್ಟುಗಳ ವಿಡಿಯೋ ಇರುವ ನಮಗೆ ಈ ತಾಳ್ಮೆ ಊಹೆಗೂ ನಿಲುಕದು.)

ಪೆನ್ಸಿಲ್ ಹಿಡಿದು ನೀವೂ ನೋಡಬಹುದು. ತ್ರಿಕೋನದ ಅಡಿಗೆರೆಯನ್ನು ಮೂರು ಸಮಪಾಲು ಮಾಡಿ ಲಂಬಗೆರೆ ಎಳೆಯಿರಿ. ಮೊದಲ ಪಾಲಿನಲ್ಲಿ ಒಂದು ಪುಟ್ಟ ತ್ರಿಕೋನ. ಅದೇ ಅಳತೆಯವು ಎರಡನೆಯದರಲ್ಲಿ ಮೂರು, ಮೂರನೆಯದರಲ್ಲಿ ಐದು. ಗಾಳಿಯ ತಡೆಯನ್ನು ಬಿಟ್ಟರೆ ಕಲ್ಲು ಮೊದಲ ಸೆಕೆಂಡಿನಲ್ಲಿ 4.9 ಮೀಟರ್, ಎರಡನೆಯದರಲ್ಲಿ 14.7, ಮೂರನೆಯದರಲ್ಲಿ 24.5 ಮೀಟರ್ ಬೀಳುತ್ತದೆ. ಅದೇ ಒಂದು, ಮೂರು, ಐದು.

ಈ ನಕ್ಷೆಯಲ್ಲಿ ವಸ್ತುವಿನ ತೂಕಕ್ಕೆ ಜಾಗವೇ ಇಲ್ಲ. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆಯನ್ನೂ ಹಕ್ಕಿಯ ಗರಿಯನ್ನೂ ಟೆಲಿವಿಷನ್ ಕ್ಯಾಮೆರಾದ ಎದುರು ಒಟ್ಟಿಗೆ ಕೈಬಿಟ್ಟರು. ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಎರಡಕ್ಕೂ ಒಂದೇ ಗೆರೆ. ಅದರ ಏರು ಮಾತ್ರ ನಮ್ಮ ಭೂಮಿಯ ಗೆರೆಯ ಸುಮಾರು ಆರನೆಯ ಒಂದು ಪಾಲು.