ಖಡಕ್‌ವಾಸ್ಲಾ: ಸೇರ್ಪಡೆಯ ದಿನಕ್ಕೆ ಮುನ್ನ

ಪುಣೆಯ ಸಮೀಪ ಖಡಕ್‌ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯು ಭೂಸೇನೆ, ನೌಕಾಪಡೆ ಹಾಗೂ ವಾಯುಪಡೆಗಳ ಭಾವೀ ಅಧಿಕಾರಿಗಳಿಗೆ ಒಂದೇ ಆವರಣದಲ್ಲಿ ತರಬೇತಿ ನೀಡುವ ಸಂಸ್ಥೆಯಾಗಿದೆ. 1949ರಲ್ಲಿ ಪ್ರಧಾನಿ ನೆಹರೂ ಅವರಿಂದ ಶಿಲಾನ್ಯಾಸಗೊಂಡ ಇದು 1955ರ ಜನವರಿಯಲ್ಲಿ ಉದ್ಘಾಟನೆಯಾಯಿತು. ತರಬೇತಿಯ ಅವಧಿ ಮೂರು ವರ್ಷ, ಆರು ಟರ್ಮ್‌ಗಳು. 2022ರಿಂದ ಯುವತಿಯರಿಗೂ ಪ್ರವೇಶವಿದೆ.

ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆ, ಆಯ್ಕೆ ಮಂಡಳಿಯ ಸಂದರ್ಶನ, ವೈದ್ಯಕೀಯ ತಪಾಸಣೆಗಳನ್ನು ದಾಟಿದ ಅಭ್ಯರ್ಥಿಯು ಉಳಿದ ವಾರಗಳನ್ನು ಸನ್ಮಾನಗಳಲ್ಲಿಯೂ ಬಂಧುಗಳ ಮನೆಯ ಊಟಗಳಲ್ಲಿಯೂ ಕಳೆಯುವುದುಂಟು. ಕೊನೆಗೆ ಎಚ್ಚೆತ್ತು ಡಾಂಬರು ರಸ್ತೆಯಲ್ಲಿ ನಿತ್ಯ ಹತ್ತು ಕಿ.ಮೀ. ಓಡತೊಡಗುವುದು ಅದಕ್ಕಿಂತಲೂ ಅಪಾಯಕರ. ಶ್ವಾಸಕೋಶ ಮತ್ತು ಸ್ನಾಯುಗಳು ಶ್ರಮಕ್ಕೆ ಬೇಗ ಒಗ್ಗುತ್ತವೆ, ಮೂಳೆಗಳು ಒಗ್ಗಲು ತಡವಾಗುತ್ತದೆ. ಹಠಾತ್ತನೆ ಹೆಚ್ಚಿದ ಓಟ ಮತ್ತು ಡ್ರಿಲ್‌ನಿಂದ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಸೂಕ್ಷ್ಮ ಬಿರುಕು ಮೂಡುವುದು ಸೈನಿಕ ತರಬೇತಿಯಲ್ಲಿ ಚಿರಪರಿಚಿತವಾದ ಗಾಯ. ಆರಂಭದಲ್ಲಿ ಇದು ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ದೀರ್ಘಕಾಲ ತರಬೇತಿ ತಪ್ಪಿದ ಕೆಡೆಟ್ ಹಿಂದಿನ ತಂಡಕ್ಕೆ ಸರಿಯಬೇಕಾದೀತು. ಅಂದರೆ ಆರು ತಿಂಗಳ ನಷ್ಟ.

ಆದುದರಿಂದ ಕನಿಷ್ಠ ಎಂಟು ವಾರ ಮೊದಲೇ ಆರಂಭಿಸುವುದು ಲೇಸು. ಮೊದಲು ಬಿರುಸಿನ ನಡಿಗೆ, ಬಳಿಕ ನಡಿಗೆ-ಓಟಗಳ ಮಿಶ್ರಣ, ಅನಂತರ ಮಣ್ಣಿನ ಮೈದಾನದಲ್ಲಿ ಪೂರ್ಣ ಓಟ. ವಾರಕ್ಕೊಂದು ದಿನ ವಿಶ್ರಾಂತಿ. ಆಯೋಗದ ಪ್ರಕಟಣೆಯೇ 2.4 ಕಿ.ಮೀ. ಓಟ, ಪುಷ್‌ಅಪ್, ಸಿಟ್‌ಅಪ್, ಚಿನ್‌ಅಪ್, 3ರಿಂದ 4 ಮೀಟರ್ ಹಗ್ಗ ಏರುವಿಕೆಗಳನ್ನು ಸೂಚಿಸುತ್ತದೆ. ಹೊಸ ಬೂಟುಗಳನ್ನು ಊರಿನಲ್ಲೇ ತೊಟ್ಟು ಪಳಗಿಸಿಕೊಳ್ಳಬೇಕು. ಈಜು ಬಾರದವರು ಕಲಿತು ಹೋಗುವುದು ಒಳ್ಳೆಯದು. ಬೈಸಿಕಲ್ ಕೂಡ! ವಿಶಾಲವಾದ ಆವರಣದಲ್ಲಿ ತರಗತಿಯಿಂದ ತರಗತಿಗೆ ಕೆಡೆಟ್‌ಗಳು ಸಾಲಾಗಿ ಸೈಕಲ್‌ನಲ್ಲೇ ಸಾಗುತ್ತಾರೆ.

ಕನ್ನಡ ಮಾಧ್ಯಮದಲ್ಲಿ ಓದಿದವರು ಆಂಗ್ಲ ಸಂಭಾಷಣೆಯನ್ನೂ ವ್ಯವಹಾರದ ಹಿಂದಿಯನ್ನೂ ರೂಢಿಸಿಕೊಂಡರೆ ಮೊದಲ ವಾರಗಳ ಏಕಾಂಗಿತನ ತಗ್ಗುತ್ತದೆ. ವಿಜಯಪುರ, ಕೊಡಗು ಸೈನಿಕ ಶಾಲೆಗಳಿಂದ ಬಂದವರಿಗೆ ಬೆಳಗಿನ ಸೀಟಿ, ಸಾಲು ನಿಲ್ಲುವಿಕೆ ಹೊಸತಲ್ಲ. ಉಳಿದವರಿಗೆ ಬೇಗ ಮಲಗಿ ಬೇಗ ಏಳುವ ಅಭ್ಯಾಸವೇ ಮೊದಲ ಪಾಠ.

ವಸತಿ, ಪುಸ್ತಕ, ಸಮವಸ್ತ್ರ, ಊಟ, ಚಿಕಿತ್ಸೆಗಳ ವೆಚ್ಚ ಸರ್ಕಾರದ್ದು. ಕೈಖರ್ಚು ಪೋಷಕರದ್ದು. ಆದರೆ ಸಹಿ ಮಾಡುವ ಮುನ್ನ ಪೋಷಕರು ಮುಚ್ಚಳಿಕೆಯನ್ನು ಪೂರ್ಣವಾಗಿ ಓದಬೇಕು. ತರಬೇತಿಯಲ್ಲಾದ ಗಾಯಕ್ಕೆ ಪರಿಹಾರ ಕೇಳುವ ಹಕ್ಕಿಲ್ಲವೆಂಬ ಒಪ್ಪಿಗೆ ಅದರಲ್ಲಿರುತ್ತದೆ. ಗಾಯಗೊಂಡು ಹೊರಬಿದ್ದ ಕೆಡೆಟ್‌ಗಳ ಸಂಕಷ್ಟವನ್ನು ಸರ್ವೋಚ್ಚ ನ್ಯಾಯಾಲಯವು 2025ರ ಆಗಸ್ಟ್‌ನಲ್ಲಿ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು. ಅದೇ ತಿಂಗಳು ಮಾಜಿ ಸೈನಿಕರ ಆರೋಗ್ಯ ಯೋಜನೆಯನ್ನು ಅಂಥವರಿಗೂ ವಿಸ್ತರಿಸಲಾಯಿತು.

ದಾಖಲೆಗಳ ವಿಷಯದಲ್ಲಿ ನಮ್ಮವರು ಎಡವುವುದು ಹೆಸರಿನಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರಿಯ ಇನಿಷಿಯಲ್, ಆಧಾರ್‌ನಲ್ಲಿ ಊರಿನ ಹೆಸರು, ಪಿಯುಸಿಯಲ್ಲಿ ತಂದೆಯ ಹೆಸರು ಇರುವುದುಂಟು. ಇವನ್ನು ಸರಿಪಡಿಸಲು ತಿಂಗಳುಗಳೇ ಹಿಡಿಯುವುದರಿಂದ ಅರ್ಜಿ ಹಾಕುವಾಗಲೇ ಹೊಂದಿಸಿಕೊಂಡಿರತಕ್ಕದ್ದು.