ಇಲಿ ಬಿದ್ದರೆ ಊರು ಬಿಡು

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಕಡೆಯ ಹಳ್ಳಿಗಳಲ್ಲಿ ಹಳಬರ ವಯಸ್ಸು ಕೇಳಿದರೆ ಇಸವಿ ಹೇಳುತ್ತಿರಲಿಲ್ಲ. "ಪ್ಲೇಗ್ ಬಂದು ಊರು ಬಿಟ್ಟಾಗ ಹತ್ತು ವರ್ಷದೋಳು ಕಣಪ್ಪ" ಅನ್ನೋರು ನಮ್ಮಜ್ಜಿ.

ಸೂರಿನಿಂದ ಇಲಿ ಸತ್ತು ಬಿದ್ದವು ಅಂದ್ರೆ ಮುಗೀತು. ಪಾತ್ರೆ ಪಗಡ, ದನ ಕರು ಸಮೇತ ಇಡೀ ಊರು ಹೊಲಕ್ಕೆ ಹೋಗಿ ಗುಡಿಸಲು ಹಾಕ್ಕೋತಿತ್ತು. ಹಾಗೆ ಹೋದ ಮೇಲೆ, ವಾಡೆಯಲ್ಲಿ ಉಳಿದಿದ್ದ ರಾಗಿ ತರೋಕೆ ಅಜ್ಜಿಯ ಅಣ್ಣ ಒಂದು ಸಲ ಊರೊಳಗೆ ಹೋಗಿ ಬಂದ. ನಾಲ್ಕೈದು ದಿನಕ್ಕೆ ಜ್ವರ, ತೊಡೆಸಂದಿಯಲ್ಲಿ ಗಡ್ಡೆ. ಆಮೇಲೆ ಮೂರನೇ ದಿನಕ್ಕೆ ಹೋಗೇಬಿಟ್ಟ. ಮಾರಮ್ಮ ಕರ್ಕೊಂಡ್ಳು ಅಂದ್ರು ಜನ. ಅಜ್ಜಿ ಮಾತ್ರ ಕೊನೇವರೆಗೂ "ರಾಗಿಗೆ ಅಂತ ಕಳಿಸಬಾರದಿತ್ತು" ಅಂತಿದ್ರು.

ಪ್ಲೇಗಿನ ಬ್ಯಾಕ್ಟೀರಿಯಾವನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡ್ರ್ ಯೆರ್ಸಿನ್ ಕಂಡುಹಿಡಿದ. 1898ರ ಆಗಸ್ಟಿನಲ್ಲಿ ರೋಗ ಬೆಂಗಳೂರಿಗೆ ಬಂತು. ನಾವೀಗ ಕೋಟಿ ಕೋಟಿ ಬೆಲೆ ಕೇಳಿ ಬೆಚ್ಚಿಬೀಳುವ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದಿದ್ದೇ ಕಿಕ್ಕಿರಿದ ಪೇಟೆ ಬಿಟ್ಟು ಓಡಿದ ಜನರಿಂದ. ಅದೇ ವರ್ಷ ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂಡ್, ರೋಗ ಹರಡೋದು ಇಲಿಯ ಮೈಮೇಲಿನ ಚಿಗಟ ಅಂತ ತೋರಿಸಿದ. ಇಲಿ ಸತ್ತು ತಣ್ಣಗಾದರೆ ಹಸಿದ ಚಿಗಟ ಬೇರೆ ಬಿಸಿರಕ್ತ ಹುಡುಕುತ್ತೆ. ಅಜ್ಜಿಯ ಅಣ್ಣ ಕಾಲಿಟ್ಟಿದ್ದು ಅಂಥ ಮನೆಗೆ.

ಅದೇ 1898ರಲ್ಲಿ ಇನ್ನೊಂದು ಕಥೆ ಶುರುವಾಯ್ತು. ನಮ್ಮ ದನಗಳಿಗೆ ಬರುತ್ತಲ್ಲ ಕಾಲುಬಾಯಿ ಜ್ವರ, ಅದರ ಕಾರಣ ಹುಡುಕುತ್ತಿದ್ದ ಜರ್ಮನಿಯ ಲೋಫ್ಲರ್ ಮತ್ತು ಫ್ರಾಶ್, ಬ್ಯಾಕ್ಟೀರಿಯಾ ತಡೆಯುವ ಸೋಸುಕದಲ್ಲಿ ಸೋಸಿದ ನೀರೂ ರೋಗ ತರುತ್ತೆ ಅಂತ ಕಂಡುಕೊಂಡರು. ಹೊಗೆಸೊಪ್ಪಿನ ರೋಗದಲ್ಲೂ ಅದನ್ನೇ ಕಂಡ ಹಾಲೆಂಡಿನ ಬೈಯರಿಂಕ್ ಅದನ್ನು ವೈರಸ್ ಅಂತ ಕರೆದ.

ಅಜ್ಜಿಗೆ ಪ್ಲೇಗೂ ಮಾರಿ, ಸಿಡುಬೂ ಅಮ್ಮ. ಆದ್ರೆ ಎರಡರ ಜಾತಿಯೇ ಬೇರೆ. ಪ್ಲೇಗಿಂದು ಬ್ಯಾಕ್ಟೀರಿಯಾ: ತನ್ನ ಊಟ ತಾನೇ ಅರಗಿಸಿಕೊಂಡು, ತಾನೇ ಎರಡಾಗುವ ಪೂರ್ತಿ ಜೀವಕೋಶ. ಸಿಡುಬಿಂದು ವೈರಸ್: ಬರೀ ಕೋಡ್ ಇದ್ದಂಗೆ, ಓಡೋಕೆ ನಮ್ಮ ಜೀವಕೋಶದ ಮಷೀನೇ ಬೇಕು. ಆಂಟಿಬಯೋಟಿಕ್ ಬ್ಯಾಕ್ಟೀರಿಯಾದ ಗೋಡೆ ಒಡೆಯುತ್ತೆ, ಇಲ್ಲಾ ಅದು ಪ್ರೋಟೀನ್ ತಯಾರಿಸೋದನ್ನ ನಿಲ್ಲಿಸುತ್ತೆ. 1943ರಲ್ಲಿ ಸಿಕ್ಕ ಸ್ಟ್ರೆಪ್ಟೊಮೈಸಿನ್ ಪ್ಲೇಗನ್ನು ಮಣಿಸಿದ್ದು ಹಾಗೇ. ವೈರಸ್ಸಿಗೆ ಆ ಗೋಡೆಯೂ ಇಲ್ಲ, ಸ್ವಂತ ಕಾರ್ಖಾನೆಯೂ ಇಲ್ಲ. ಸಿಡುಬು ಹೋಗಿದ್ದು ದಾಕಿನಿಂದ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದು ಭೂಮಿಯಿಂದಲೇ ತೊಲಗಿತು ಅಂತ ಸಾರಿತು. ಅಜ್ಜಿಯ ತೋಳ ಮೇಲಿನ ದಾಕಿನ ಕಲೆ ಮಾತ್ರ ಉಳಿದಿತ್ತು.

ಹೋದ ತಿಂಗಳು ಮಗಳಿಗೆ ನೆಗಡಿ, ಜ್ವರ. ಆಂಟಿಬಯೋಟಿಕ್ ಬರ್ಕೊಡಿ ಅಂತ ಡಾಕ್ಟರ ಹತ್ರ ವಾದಕ್ಕೆ ನಿಂತೆ. "ಇದು ವೈರಸ್ಸು ಕಣ್ರೀ, ಸುಮ್ಮನೆ ನುಂಗಿಸಿದ್ರೆ ಮೈಯಲ್ಲಿರೋ ಬ್ಯಾಕ್ಟೀರಿಯಾ ಆ ಔಷಧಿಗೆ ಪಳಗುತ್ತೆ. ನಿಜವಾಗಿ ಬೇಕಾದ ದಿನ ಕೆಲಸ ಮಾಡಲ್ಲ" ಅಂದ್ರು. ಮೂರು ದಿನಕ್ಕೆ ಜ್ವರ ತಾನಾಗೇ ಬಿಡ್ತು.

ನಮ್ಮೂರವರಿಗೆ ಬ್ಯಾಕ್ಟೀರಿಯಾ ಅನ್ನೋ ಪದವೇ ಗೊತ್ತಿರಲಿಲ್ಲ. ಆದರೂ ಸತ್ತ ಇಲಿ ನೋಡಿ ಸರಿಯಾದ ಕೆಲಸ ಮಾಡಿದ್ರು. ಬಿ.ಇ. ಓದಿದ ನನಗೆ ಎರಡೂ ಹೆಸರು ಗೊತ್ತು.